ಗಂಟೆ ಹೊಡೆಯದ ಶನಿವಾರ

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಯೇಸುವಿನ ಕಥೆ ಕೇಳಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಯೇಸುವಿಗೆ ಕೈ ಮುಗಿಯುವವರಲ್ಲ. ಕ್ರೈಸ್ತರ ಮನೆ ಎಂದರೆ ನಮ್ಮದೂ ಸೇರಿ ಮೂರೋ ನಾಲ್ಕೋ ಇದ್ದವು. ಉಳಿದವರೆಲ್ಲ ಕಬ್ಬು, ಭತ್ತ ಬೆಳೆಯುವ ಗೌಡರ ಮನೆಯವರು. ಪಾಂಡವಪುರದಿಂದ ಕ್ಯಾತನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ನಾಲೆ ಬಾಗಿ ತಿರುಗುವ ಕಡೆ ನಮ್ಮ ಮನೆ ಇತ್ತು. ಆಲೆಮನೆಯ ಬೆಲ್ಲದ ವಾಸನೆ ಮೂಗಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ಬರದ ದಿನ ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು.

ಅಪ್ಪ ನಮ್ಮ ಪುಟ್ಟ ಚರ್ಚಿನ ಉಪದೇಶಿ. ಹಾಗೆಂದರೆ ಏನು ಅಂತ ಕೇಳುತ್ತೀರಿ, ಹೇಳುತ್ತೇನೆ. ಸ್ವಾಮಿಗಳು, ಅಂದರೆ ಪಾದ್ರಿಗಳು, ದೂರದಿಂದ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಪಾಠ ಕಲಿಸುವುದು, ಗಂಟೆ ಹೊಡೆಯುವುದು, ಗುಡಿಸುವುದು ಎಲ್ಲ ಉಪದೇಶಿಯ ಕೆಲಸ. ಅಪ್ಪ ಅವೆಲ್ಲವನ್ನೂ ಮಾಡುತ್ತಿದ್ದ. ಆದರೆ ಅವನನ್ನು ಜನ ಮೆಚ್ಚುತ್ತಿದ್ದದ್ದು ಬೇರೆಯದಕ್ಕೆ. ನಾಗಮಂಗಲದ ಕಡೆಯಿಂದ ಸುಗ್ಗಿಗೆ ಬರುತ್ತಿದ್ದ ಒಬ್ಬ ತಂಬೂರಿ ತಾತನ ಹಿಂದೆ ಸುತ್ತಿ ಸುತ್ತಿ ಅಪ್ಪ ತಂಬೂರಿ ಕಲಿತಿದ್ದ. ಕ್ರಿಸ್ಮಸ್ಸಿಗೂ ಯೇಸು ಸತ್ತು ಮತ್ತೆ ಎದ್ದ ದಿನದ ಪಾಸ್ಕ ಹಬ್ಬಕ್ಕೂ ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ತಂಬೂರಿ ಮೀಟುತ್ತಾ ಬೈಬಲಿನ ಕಥೆ ಹೇಳಲು ಶುರು ಮಾಡಿದನೆಂದರೆ ಊರಿಗೆ ಊರೇ ಬಂದು ಕೂರುತ್ತಿತ್ತು.

ಅಪ್ಪನ ಕಥೆಯಲ್ಲಿ ಯೋನನನ್ನು ನುಂಗಿದ ಮೀನು ಕನ್ನಂಬಾಡಿ ಕಟ್ಟೆಯಲ್ಲಿ ಹಿಡಿಸದಷ್ಟು ದೊಡ್ಡದು. ನೋಹನ ನಾವೆಗೆ ಹತ್ತಲಾರೆ ಎಂದು ಕಾಲೂರಿ ನಿಂತ ಎಮ್ಮೆಗೆ ನಮ್ಮ ಪಕ್ಕದ ಮನೆ ದೊಡ್ಡವ್ವನ ಎಮ್ಮೆಯದೇ ಬುದ್ಧಿ. ಕುಳ್ಳ ಜಕ್ಕಾಯ ಯೇಸುವನ್ನು ನೋಡಲು ಮರ ಹತ್ತಿದಾಗ ಅವನ ಪಂಚೆ ಕೊಂಬೆಗೆ ಸಿಕ್ಕಿಕೊಂಡು ಬಿಚ್ಚಿಹೋಗುತ್ತಿತ್ತು. ಒಂದು ಸಲ ಸ್ವಾಮಿಗಳು ಇದನ್ನು ಕೇಳಿಸಿಕೊಂಡು, "ಪಂಚೆ ವಿಷಯ ಯಾವ ಅಧ್ಯಾಯದಲ್ಲಿದೆ ಉಪದೇಶಿ?" ಅಂದರು. ಅಪ್ಪ ತಲೆ ಕೆರೆದುಕೊಂಡು, "ಅಧ್ಯಾಯ್ದಾಗೆ ಇಲ್ಲ ಸ್ವಾಮಿ. ಆದ್ರೆ ಪಂಚೆ ಉಟ್ಕಂಡು ಮರ ಅತ್ತುದ್ರೆ ಸಿಕ್ಕಾಕ್ಕಳ್ದೆ ಇರ್ತದಾ?" ಅಂದ. ಸ್ವಾಮಿಗಳು ನಗು ತಡೆಯಲಾರದೆ ಆ ಕಡೆ ತಿರುಗಿಕೊಂಡರು.

ಅಪ್ಪನಿಗೆ ಹಿಮ್ಮೇಳ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವಳು. ತಾಳ ಹಾಕುತ್ತಾ, ನಡುನಡುವೆ ಅಡ್ಡ ಮಾತು ಹಾಕುತ್ತಾ ಅಪ್ಪನನ್ನೇ ಕೆಣಕುತ್ತಿದ್ದಳು. ಅವಳು ರೋದೆ ಆಗುತ್ತಿದ್ದದ್ದನ್ನು ನೀವು ನೋಡಬೇಕಿತ್ತು. ಯೇಸುವಿನ ಶಿಷ್ಯ ಪೇತ್ರನನ್ನು ರಾಜ ಸೆರೆಮನೆಗೆ ಹಾಕಿರುತ್ತಾನೆ, ಬೆಳಗಾದರೆ ತಲೆ ತೆಗೆಸುವವನು. ಅವನ ಕಡೆಯವರೆಲ್ಲ ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು, ದೇವರೇ ಅವನನ್ನು ಬಿಡಿಸು ಎಂದು ಅಳುತ್ತಾ ಜಪ ಮಾಡುತ್ತಿರುತ್ತಾರೆ. ದೇವದೂತ ಬಂದು ಅವನನ್ನು ಬಿಡಿಸಿಯೇ ಬಿಡುತ್ತಾನೆ. ಪೇತ್ರ ಓಡಿ ಬಂದು ಆ ಮನೆಯ ಬಾಗಿಲು ತಟ್ಟುತ್ತಾನೆ. ಕೆಲಸದ ಹುಡುಗಿ ರೋದೆ ದನಿ ಗುರುತು ಹಿಡಿಯುತ್ತಾಳೆ. ಸಂತೋಷ ಹೆಚ್ಚಾಗಿ, ಬಾಗಿಲು ತೆಗೆಯುವುದನ್ನೇ ಮರೆತು, ಪೇತ್ರ ಬಂದ ಎಂದು ಹೇಳಲು ಒಳಗೆ ಓಡುತ್ತಾಳೆ. ಜಪ ಮಾಡುತ್ತಿದ್ದವರು ನಂಬುವುದಿಲ್ಲ, ನಿನಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಪಾಪ, ಪೇತ್ರ ಹೊರಗೆ ತಟ್ಟುತ್ತಲೇ ಇರುತ್ತಾನೆ. ಇದಿಷ್ಟೂ ಬೈಬಲಿನಲ್ಲೇ ಇದೆ, ಅಪ್ಪನ ಸೇರ್ಪಡೆ ಅಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುವಾಗ ಊರಿನ ಜನ, "ಮೊದ್ಲು ಬಾಗ್ಲು ತಗ್ಯವ್ವ" ಎಂದು ಕೂಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಮ್ಮ ಅವ್ವ.

ಒಂದು ವರ್ಷ ತಪಸ್ಸು ಕಾಲದಲ್ಲಿ ಅವ್ವ ಸತ್ತಳು.

ತಪಸ್ಸು ಕಾಲ ಎಂದರೆ ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳು, ನಿಮಗೆ ಗೊತ್ತೇ ಇದೆ. ಆಗ ತಂಬೂರಿ ಅಟ್ಟ ಸೇರುತ್ತಿತ್ತು, ತಾಳ ಮಡಕೆಯೊಳಗೆ ಹೋಗುತ್ತಿತ್ತು, ಶಿಲುಬೆಗೆ ನೇರಳೆ ಬಟ್ಟೆ ಮುಚ್ಚುತ್ತಿದ್ದರು. ಪ್ರತಿ ಶುಕ್ರವಾರ ಶಿಲುಬೆ ಹಾದಿ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುತ್ತಾ ಗೋಡೆಯ ಮೇಲಿನ ಒಂದೊಂದು ಪಟದ ಮುಂದೆಯೂ ಮಂಡಿಯೂರಬೇಕು. ಮೊದಲ ಶುಕ್ರವಾರ ಅಪ್ಪ ಶಿಲುಬೆ ಹಿಡಿದು, "ಯೇಸು ಎರಡನೆಯ ಬಾರಿ ಕೆಳಗೆ ಬೀಳುತ್ತಾರೆ" ಎಂದು ಗಂಭೀರವಾಗಿ ಓದಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಅಲ್ಲಿ ಯಾರೋ ನೀರಿನ ಚೊಂಬು ಬಿಟ್ಟಿದ್ದರು. ಅಪ್ಪ ಶಿಲುಬೆಯ ಸಮೇತ ಧೊಪ್ಪನೆ ಕೂತ. ಚೊಂಬು ಉರುಳಿಕೊಂಡು ಪೀಠದವರೆಗೂ ಹೋಯಿತು. ಅಕ್ಕನಿಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕಳು. ಅವಳು ನಕ್ಕಿದ್ದು ಕೇಳಿ ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ಮೈ ಕುಲುಕುವ ಹಾಗೆ ನಕ್ಕಳು.

ಅದಾದ ಮೇಲೆ ಅವ್ವನಿಗೆ ಜ್ವರ ಬಂತು. ನಾಟಿ ಔಷಧಿ ಆಯಿತು, ಪಾಂಡವಪುರದ ಮಾತ್ರೆ ಆಯಿತು, ಜ್ವರ ಇಳಿಯಲಿಲ್ಲ. ಮುಂದಿನ ಶುಕ್ರವಾರದ ಶಿಲುಬೆ ಹಾದಿಗೆ ಅವ್ವ ಇರಲಿಲ್ಲ.

ಅವತ್ತಿನಿಂದ ಅಕ್ಕ ನಗಲಿಲ್ಲ, ಹಾಡಲಿಲ್ಲ. ಮೊದಮೊದಲು ಎಲ್ಲರೂ ದುಃಖ ಅಂದುಕೊಂಡರು. ನನಗೂ ದುಃಖವೇ, ಆದರೆ ಹಸಿವಾದರೆ ನಾನು ಉಣ್ಣುತ್ತಿದ್ದೆ. ಅಕ್ಕ ಒಂದು ಹೊತ್ತು ಬಿಟ್ಟಳು, ಆಮೇಲೆ ಇನ್ನೊಂದು ಹೊತ್ತು. ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕಳೆದ ಮೇಲೆ ನೀರು ಬಿಟ್ಟರೆ ಬೇರೇನೂ ಇಲ್ಲ. ಅಪ್ಪ ಬೇಡಿಕೊಂಡ, ಬೈದ, ಕೈ ಮುಗಿದ. ಅವಳು ತುಟಿ ಬಿಗಿಹಿಡಿದು ಮಲಗಿರುತ್ತಿದ್ದಳು. ಚಮಚದಲ್ಲಿ ಗಂಜಿ ಹಾಕಿದರೆ ಗಲ್ಲದ ಮೇಲೆ ಹರಿದು ಕುತ್ತಿಗೆಗೆ ಇಳಿಯುತ್ತಿತ್ತು. ಅಪ್ಪ ಟವಲಿನಿಂದ ಅದನ್ನು ಒರೆಸುತ್ತಿದ್ದ. ಗಾಡಿ ಕಟ್ಟಿಕೊಂಡು ಪಾಂಡವಪುರಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಗ್ಲೂಕೋಸಿನ ಸೂಜಿ ಚುಚ್ಚಿ, ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ಅನ್ನ ಹೋಗಬೇಕು, ಹೋಗದಿದ್ದರೆ ಉಳಿಯುವುದು ಕಷ್ಟ ಅಂದರಂತೆ. ಅಪ್ಪ ಅದನ್ನು ನನಗೆ ಹೇಳಲಿಲ್ಲ. ಬಾವಿಕಟ್ಟೆಯ ಹತ್ತಿರ ಹೆಂಗಸರು ಮಾತಾಡಿಕೊಳ್ಳುವುದು ನನ್ನ ಕಿವಿಗೆ ಬಿತ್ತು. "ತಾಯಿ ಕರೀತಾವ್ಳೆ ಕಣವ್ವ, ಇನ್ ಈ ಮಗ ನಿಲ್ಲಾಕಿಲ್ಲ" ಅನ್ನುತ್ತಿದ್ದರು.

ಅಕ್ಕ ಯಾಕೆ ಉಣ್ಣುತ್ತಿಲ್ಲ ಅಂತ ಗೊತ್ತಿದ್ದವಳು ಊರಿನಲ್ಲಿ ನಾನೊಬ್ಬಳೇ. ಒಂದು ದಿನ ನನ್ನ ಕೈ ಹಿಡಿದುಕೊಂಡು ಅವಳೇ ಹೇಳಿದ್ದಳು. "ದೇವ್ರು ಬಿದ್ದಾಗ ನಾನು ನಕ್ಬುಟ್ಟೆ. ನಾನು ನಕ್ಕಿದ್ಕೆ ಅವ್ವನೂ ನಕ್ಳು. ಅದ್ಕೇ ಅವ್ವನ್ನ ತಗಂಡ. ಪಾಸ್ಕದ್ ಗಂಟ ನಾನು ಉಪಾಸ ಇದ್ರೆ ನಿನ್ನೂ ಅಪ್ಪನ್ನೂ ಬುಟ್ಬುಡ್ತಾನೆ. ಯಾರ್‌ಗೂ ಯೇಳ್ಬ್ಯಾಡ, ಆಣೆ." ನಾನು ಶಿಲುಬೆ ಮುಟ್ಟಿ ಆಣೆ ಇಟ್ಟಿದ್ದೆ. ನಮಗೋಸ್ಕರ ಉಪವಾಸ ಮಾಡುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಬಾವಿಕಟ್ಟೆಯ ಮಾತು ಕೇಳಿದ ಮೇಲೆ ಹೆಮ್ಮೆ ಹೋಯಿತು, ಭಯವೊಂದೇ ಉಳಿಯಿತು.

ನಾನು ಹೇಳಬೇಕೆಂದಿರುವುದು ಪಾಸ್ಕ ಹಬ್ಬದ ಹಿಂದಿನ ಶನಿವಾರದ ವಿಷಯ. ವರ್ಷದಲ್ಲೆಲ್ಲ ಅಷ್ಟು ಖಾಲಿಯಾದ ದಿನ ಇನ್ನೊಂದಿಲ್ಲ. ಯೇಸು ಸತ್ತು ಗವಿಯ ಸಮಾಧಿಯಲ್ಲಿ ಮಲಗಿರುವ ದಿನ. ಪೀಠದ ಬಟ್ಟೆ ತೆಗೆದಿರುತ್ತದೆ, ದೀಪ ಆರಿರುತ್ತದೆ, ಪೂಜೆ ಇಲ್ಲ. ಗುರುವಾರ ನಿಂತ ಗಂಟೆಯನ್ನು ಪಾಸ್ಕ ಬರುವವರೆಗೂ ಹೊಡೆಯಕೂಡದು. ಅದಕ್ಕೇ ಜನರನ್ನು ಕರೆಯಲು ಮರದ ಗಿಲಕಿಯನ್ನು ಕಟಕಟ ಅನ್ನಿಸುತ್ತಿದ್ದೆವು. ಆ ದಿನಗಳಲ್ಲಿ ವಾದ್ಯ ಮುಟ್ಟಬಾರದು ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದವನು ಅಪ್ಪನೇ. ಅವತ್ತು ಬಿಸಿಲಿಗೆ ಬೆವರು ಕಿತ್ತು ಬರುತ್ತಿತ್ತು. ನಾಲೆಯಲ್ಲಿ ನೀರು ಬಿಟ್ಟಿರಲಿಲ್ಲ, ಕೆಸರು ಒಣಗಿದ ವಾಸನೆ ಮನೆಯೊಳಕ್ಕೂ ಬರುತ್ತಿತ್ತು.

ಬೆಳಿಗ್ಗೆ ನಾನು ಅಕ್ಕನ ತುಟಿಗೆ ನೀರು ಸವರಲು ಬಗ್ಗಿದೆ. ಅವಳು ಕಣ್ಣು ಅರ್ಧ ತೆರೆದು ನನ್ನನ್ನು ನೋಡಿ, "ಅವ್ವ, ಬಂದ್ಯಾ?" ಅಂದಳು. ನಾನು ಹಿತ್ತಲಿಗೆ ಓಡಿದೆ. ಅಪ್ಪ ಹುಲ್ಲಿನ ಮೆದೆಗೆ ಹಣೆ ಒತ್ತಿಕೊಂಡು ನಿಂತಿದ್ದ, ಅವನ ಬೆನ್ನು ಅಲುಗುತ್ತಿತ್ತು. ಅಪ್ಪ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವ್ವನನ್ನು ಮಣ್ಣು ಮಾಡಿದ ದಿನವೂ ಅವನು ಬೇರೆಯವರಿಗೆ ಸಮಾಧಾನ ಹೇಳುತ್ತಾ ನಿಂತಿದ್ದವನು. ಆಣೆ ಗೀಣೆ ಎಲ್ಲ ಮರೆತು ನಾನು ಎಲ್ಲವನ್ನೂ ಒದರಿಬಿಟ್ಟೆ.

ಅಪ್ಪ ಮೆದೆ ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ, "ನಾನು ಬಿದ್ದಿದ್ಕಾ?" ಅಂದ. "ನಾನು ಬಿದ್ದಿದ್ಕೆ ನಗ್ದೆ ಇನ್ನೇನ್ ಮಾಡ್ತಾರೆ ಮಗ?" ಟವಲಿನಿಂದ ಮುಖ ಒರೆಸಿಕೊಂಡು ಸೀದಾ ಒಳಗೆ ಹೋಗಿ, ಏಣಿ ಹಾಕಿ, ಅಟ್ಟದ ಮೇಲಿಂದ ತಂಬೂರಿ ಇಳಿಸಿದ. ಶನಿವಾರ ತಂಬೂರಿ ಮುಟ್ಟಿದರೆ ದೇವರಿಗೆ ಇನ್ನೂ ಕೋಪ ಬರುತ್ತದೆ ಅಂತ ಅಳುತ್ತಾ ಹೇಳಿದೆ. ಅಪ್ಪ ಗೋಡೆಯ ಮೇಲಿನ ನೇರಳೆ ಬಟ್ಟೆ ಮುಚ್ಚಿದ ಶಿಲುಬೆಯ ಮುಂದೆ ನಿಂತು, ಎದುರು ಮನೆಯವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ. "ಸ್ವಾಮಿ, ನೀನು ಗವೀಲಿ ಮಲಗಿದ್ದೀಯ. ನಮ್ಮನೇಲಿ ವಸಿ ಗಲಾಟೆ ಆಯ್ತದೆ. ತಪ್ ತಿಳ್ಕಬ್ಯಾಡ."

ಅಕ್ಕನ ಚಾಪೆಯ ಪಕ್ಕ ಕೂತು ಅಪ್ಪ ತಂಬೂರಿ ಮೀಟಿದ. ವಾರಗಟ್ಟಲೆ ಮುಟ್ಟದ ತಂತಿ ಅಪಸ್ವರ ಹೊರಡಿಸಿತು. ರೋದೆಯ ಕಥೆಯನ್ನೇ ಎತ್ತಿಕೊಂಡ. ಸೆರೆಮನೆಯ ಕಾವಲುಗಾರರು ಗೊರಕೆ ಹೊಡೆಯುವಲ್ಲಿ ಯಾವಾಗಲೂ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಅಪ್ಪ ಗೊರಕೆ ಹೊಡೆದರೆ ಯಾರೋ ಉಸಿರು ಕಟ್ಟಿ ಒದ್ದಾಡುವ ಹಾಗೆ ಕೇಳಿಸಿ ನನಗೆ ಹೆದರಿಕೆಯಾಯಿತು. ಅಕ್ಕ ಕಣ್ಣು ಬಿಡಲಿಲ್ಲ. ತಂಬೂರಿಯ ಬುರುಡೆಯನ್ನು ಗೆಣ್ಣಿನಿಂದ ತಟ್ಟಿ ಅಪ್ಪ, "ಪೇತ್ರಪ್ಪ ಬಾಗ್ಲು ತಟ್ತಾವ್ನೆ, ಯಾರವ್ವ ಒಳಗೆ?" ಅಂದ. ಅದು ಅಕ್ಕ ಎದ್ದು ಓಡಬೇಕಾದ ಜಾಗ. ಅಕ್ಕ ಏಳಲಿಲ್ಲ. ಅಪ್ಪ ನನ್ನ ಕಡೆ ನೋಡಿದ. ನಾನು ಪಾಠ ಒಪ್ಪಿಸುವ ಹಾಗೆ, "ನಾನು ರೋದೆ, ನೀವು ಯಾರು?" ಅಂದೆ. ಅಕ್ಕ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಅಪ್ಪ ಮತ್ತೆ ತಟ್ಟಿದ. ಮತ್ತೆ ಕೇಳಿದ. ಮೂರನೆಯ ಸಲ ತಟ್ಟುವಾಗ ಅವನ ಕಣ್ಣೀರು ಬುರುಡೆಯ ಮೇಲೆ ಬೀಳುತ್ತಿತ್ತು, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇನ್ನು ಅಕ್ಕ ಉಳಿಯುವುದಿಲ್ಲ ಎಂದು ನನಗೆ ಆಗ ಖಂಡಿತವಾಯಿತು. ಜಗತ್ತಿನಲ್ಲಿ ಯಾರನ್ನು ಬೇಕಾದರೂ ನಗಿಸಬಲ್ಲ ಅಪ್ಪನಿಗೇ ಆಗದಿದ್ದರೆ ಇನ್ನು ಯಾರಿಗೆ ಆಗುತ್ತದೆ?

ಆಗ ನಿಜವಾದ ಬಾಗಿಲನ್ನೇ ಯಾರೋ ದಬದಬ ಬಡಿದರು.

ಅಪ್ಪ ತಂಬೂರಿ ಹಿಡಿದುಕೊಂಡೇ ಬೆಚ್ಚಿದ. ನಾನು ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದೆ. ಹೊರಗೆ ದೊಡ್ಡವ್ವ, ಅವಳ ಸೊಸೆಯರು, ಊರಿನ ಅರ್ಧ ಜನ. ಹೆಂಗಸರ ತಲೆಗೂದಲು ಕೆದರಿತ್ತು. ಒಬ್ಬರ ಕೈಯಲ್ಲಿ ಬುಟ್ಟಿ ತುಂಬ ಚೆಂಡು ಹೂವು. ಇಬ್ಬರು ಗಂಡಸರ ಹೆಗಲ ಮೇಲೆ ಆಗತಾನೆ ಕಡಿದ ಹಸಿ ಬಿದಿರು. ನನಗೆ ಬುದ್ಧಿಯೇ ಓಡಲಿಲ್ಲ. ಅಗುಳಿಯನ್ನು ಮುಟ್ಟದೆ ಒಳಗೆ ಓಡಿ ಬಂದು, "ಅಪ್ಪ, ಊರೋರೆಲ್ಲ ಬಂದವ್ರೆ, ಬಿದ್ರು ತಂದವ್ರೆ" ಅಂದೆ.

"ಬಾಗ್ಲು ತಗುದ್ಯಾ?"

"ಇಲ್ಲ."

ಈಗ ನಿಮಗೆ ನಮ್ಮ ಕಡೆಯ ಒಂದು ವಾಡಿಕೆ ಹೇಳಬೇಕು. ಸತ್ತವರ ಮನೆಯಲ್ಲಿ ಹೆಣದ ಮುಂದೆ ಕೂತು ತಂಬೂರಿ ಪದ ಹಾಡಿಸುವುದು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇವತ್ತಿಗೂ ಉಂಟು. ನಮ್ಮ ಮನೆಯ ತಂಬೂರಿ ಹಬ್ಬ ಬಿಟ್ಟು ಬೇರೆ ದಿನ ನುಡಿಯುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಹುಡುಗಿ ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾಳೆ ಎಂದೂ ಗೊತ್ತು. ಉರಿಬಿಸಿಲಲ್ಲಿ, ಮುಚ್ಚಿದ ಬಾಗಿಲ ಹಿಂದಿನಿಂದ ತಂಬೂರಿಯ ಸದ್ದು, ನಡುವೆ ಅಪ್ಪನ ಅಳು. ಅವರು ಬೇರೆ ಏನಂತ ತಿಳಿದಾರು? ಚಟ್ಟಕ್ಕೆ ಬಿದಿರು ಕಡಿದುಕೊಂಡೇ ಬಂದಿದ್ದರು. ನಮ್ಮಲ್ಲಿ ಪೆಟ್ಟಿಗೆ ಮಾಡಿಸುತ್ತೇವೆ ಅನ್ನುವುದು ಆ ಗಾಬರಿಯಲ್ಲಿ ಯಾರಿಗೂ ನೆನಪಿಗೆ ಬಂದಿರಲಿಲ್ಲ.

ಬಾಗಿಲು ತೆರೆಯದಿದ್ದಾಗ ದೊಡ್ಡವ್ವ ಜಗುಲಿಯ ಮೇಲೆ ಕುಸಿದು ಕೂತು ಸೊಲ್ಲು ತೆಗೆದಳು. ಸಾವಿನ ಮನೆಯಲ್ಲಿ ಸತ್ತವರ ಗುಣಗಾನ ಮಾಡುತ್ತಾ ರಾಗವಾಗಿ ಅಳುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. "ಅಯ್ಯೋ ನನ್ ಬಂಗಾರದಂತ ಮಗಳೇ, ಊರ್ ನಗುಸ್ದ ಮಗಳೇ, ನಮ್ ನೆಲ್ಲಿಮರ ಬೋಳ್ಸಿದ್ರೂ ಬಯ್ಯಾಕೆ ಮನ್ಸು ಬತ್ತಿರ್ನಿಲ್ವಲ್ಲ ಮಗಳೇ. ನಿಮ್ಮವ್ವನ್ ತಾವ್ಕೆ ಓಗಕೆ ಇಷ್ಟ್ ಅವಸ್ರವಾ ಮಗಳೇ. ನನ್ ವಸಾ ಮೊರ ಇಸ್ಕೊಂಡೋದೋಳು ವಾಪಸ್ ಕೊಡ್ದಂಗೆ ಒಂಟೋದ್ಯಲ್ಲ ಮಗಳೇ."

ಚಾಪೆಯ ಕಡೆಯಿಂದ ಒಂದು ದನಿ ಬಂತು. ಒಣಗಿದ ಎಲೆಯ ಹಾಗೆ ಸಣ್ಣದಾಗಿತ್ತು.

"ಮೊರ ಕೊಟ್ಟಿವ್ನಿ ಕಣ್ ದೊಡ್ಡವ್ವ. ನಿಮ್ಮ ಸೊಸೆ ಕೈಲಿ ಕೊಟ್ಟೆ."

ಹೊರಗಿನ ಅಳು ಅರ್ಧದಲ್ಲೇ ನಿಂತಿತು. ಆಮೇಲೆ ದೊಡ್ಡವ್ವನದೇ ದನಿ, ಈ ಸಲ ರಾಗವಿಲ್ಲದೆ. "ಯಾವ್ ಸೊಸೆ ಕೈಲಿ?" ಅಂದಳು. ಅಷ್ಟು ಹೊತ್ತಿಗೆ ತಾನು ಯಾರನ್ನು ಕೇಳುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. "ಅಯ್ಯಯ್ಯೋ" ಎಂದು ಜಗುಲಿಯಿಂದ ಎದ್ದ ಸದ್ದು, ಬಿದಿರು ದಡದಡ ಕೆಳಗೆ ಬಿದ್ದ ಸದ್ದು ಒಟ್ಟಿಗೇ ಕೇಳಿಸಿತು.

ಮೊದಲು ಅಕ್ಕನ ಹೊಟ್ಟೆ ಅಲುಗಿತು. ಕೆಮ್ಮು ಅಂದುಕೊಂಡೆ. ಅದು ಕೆಮ್ಮಲ್ಲ, ನಗು. ಕಣ್ಣು ಮುಚ್ಚಿಕೊಂಡೇ, ಹಲ್ಲು ಕಾಣಿಸುತ್ತಾ, ಶಕ್ತಿಯಿಲ್ಲದೆ ನಗುತ್ತಿದ್ದಳು. ಅಪ್ಪ ತಂಬೂರಿ ಕೆಳಗಿಟ್ಟು ಹೋಗಿ ಬಾಗಿಲು ತೆರೆದ. ದೊಡ್ಡವ್ವ ಒಳಗೆ ನುಗ್ಗಿ ಬಂದು ಅಕ್ಕನ ಕೆನ್ನೆ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿ, "ಬದ್ಕಿರೋಳು ಮೊದ್ಲೇ ಯೇಳಾಕಿಲ್ವಾ ನೀನು? ಗಂಟ್ಲು ಹರ್ಕೊಂಡ್ನಲ್ಲ ನಾನು" ಎಂದು ಬಯ್ಯುತ್ತಾ ಅಳತೊಡಗಿದಳು. ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದರು. ನಾನೂ ನಕ್ಕೆ.

ಅಷ್ಟರಲ್ಲಿ ಅಕ್ಕನ ಮುಖ ಬದಲಾಯಿತು. ನನ್ನ ಮುಂಗೈಯನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಳು. "ನಕ್ಬುಟ್ಟೆ ಅಪ್ಪ. ಈಗ ಯಾರ್ನ ತಗಂಡೋಯ್ತಾನೆ?" ಅಂದಳು.

ಎಲ್ಲರ ನಗು ನಿಂತಿತು. ಅಪ್ಪ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. "ನೋಡ್ ಮಗ" ಅಂದ. "ನಾನು ಬಿದ್ದ್ ದಿನ ನಿಮ್ಮವ್ವ ಮನೇಗ್ ಬಂದ್ಮ್ಯಾಲೂ ನಗ್ತಾನೇ ಇದ್ಲು. ರೊಟ್ಟಿ ತಟ್ತಾ ತಟ್ತಾ ನಗಾಳು. ನಾನೂ ನಕ್ಕೆ. ಅವ್ಳು ಜರ ಬಂದು ಸತ್ಲು, ನಕ್ಕಿದ್ಕೆ ಸಾಯ್ನಿಲ್ಲ. ನಿನ್ಗೆ ಇದ್ನ ಮೊದ್ಲೇ ಯೇಳ್ಬೇಕಿತ್ತು, ನಂಗೆ ಗೊತ್ತಾಗ್ನಿಲ್ಲ."

ಅಕ್ಕ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ದೊಡ್ಡವ್ವನ ಸೊಸೆ ಓಡಿಹೋಗಿ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ತಂದಳು. ಅಕ್ಕ ತಲೆ ಅಲ್ಲಾಡಿಸಿದಳು. ಪಾಸ್ಕದವರೆಗೂ ಉಪವಾಸ ಇರುತ್ತೇನೆ ಎಂದು ದೇವರಿಗೆ ಹೇಳಿದ್ದೇನೆ, ಮಾತು ತಪ್ಪಿದರೆ ದೇವರು ಬಿಡುವುದಿಲ್ಲ ಅಂದಳು. ದೊಡ್ಡವ್ವ ಅಂಬಲಿಯ ಲೋಟ ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದಳು.

"ಪಾಸ್ಕ ಯಾವಾಗ್ ಉಪದೇಶಿ?"

"ನಾಳೆ ವತ್ತಾರೆ, ಗಂಟೆ ಹೊಡ್ದಾಗ."

"ಸರಿ ಬುಡು. ನಿನ್ ಉಪಾಸ ನಾನ್ ಮಾಡ್ತೀನಿ, ಗಂಟೆ ಹೊಡ್ಯಾಗಂಟ. ನೀನು ಉಣ್ಣು. ನಿಮ್ ದೇವ್ರು ಲೆಕ್ಕ ಕೇಳುದ್ರೆ ಈ ಮುದ್ಕಿ ತಾವ್ಕೆ ಕಳ್ಸು" ಅಂದಳು.

ಅಪ್ಪ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ್ದೆಲ್ಲ ಅದೇ ತಾನೆ, ನಮ್ಮ ಪಾಲಿನ ಕಷ್ಟವನ್ನು ಯೇಸು ಹೊತ್ತರು ಅಂತ. ಅಕ್ಕ ದೊಡ್ಡವ್ವನನ್ನು ದಿಟ್ಟಿಸಿ ನೋಡಿ, ತುಟಿ ತೆರೆದಳು. ಮೊದಲ ಗುಟುಕು ಹಾಗೇ ವಾಂತಿಯಾಯಿತು. ಎರಡನೆಯದೂ ಆಯಿತು. ಚಮಚದ ತುದಿಯಲ್ಲಿ ಒಂದೊಂದೇ ಹನಿ ಹಾಕುತ್ತಾ ದೊಡ್ಡವ್ವ ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ಹೊತ್ತು ಮುಳುಗುವ ವೇಳೆಗೆ ಅಂಬಲಿ ಹೊಟ್ಟೆಯಲ್ಲಿ ನಿಂತಿತು. ಅಕ್ಕ ನಿದ್ದೆ ಹೋದಳು. ಅದು ನಿದ್ದೆಯೋ ಇನ್ನೇನೋ ಎಂದು ಹೆದರಿ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಲೇ ಇದ್ದೆ.

ದೊಡ್ಡವ್ವ ಮನೆಗೆ ಹೋಗಲಿಲ್ಲ. ಮನೆಗೆ ಹೋದರೆ ಸೊಸೆ ಮಾಡಿದ ಉಪ್ಸಾರಿನ ವಾಸನೆಗೆ ತಾನು ಮಾತು ತಪ್ಪುತ್ತೇನೆ ಎಂದು ನಮ್ಮ ಜಗುಲಿಯ ಮೇಲೇ ಕಂಬಳಿ ಹೊದ್ದು ಮಲಗಿದಳು. ನಿಮ್ಮ ದೇವರು ಸ್ವಲ್ಪ ಬೇಗ ಏಳಬಾರದೇ, ಈ ವಯಸ್ಸಿನಲ್ಲಿ ನನಗೆ ಇದು ಬೇಕಿತ್ತೇ ಎಂದು ಗೊಣಗುವುದು ಒಳಗೆ ಕೇಳಿಸುತ್ತಿತ್ತು. ಬೆಳಗಿನ ಜಾವ ಅಪ್ಪ ಗಂಟೆಯ ಹಗ್ಗ ಎಳೆದಾಗ ಅವಳು ಮೊದಲು ಓಡಿದ್ದು ಮುದ್ದೆಯ ಮಡಕೆಯ ಕಡೆಗೆ. ಅಕ್ಕ ಕಣ್ಣು ಬಿಟ್ಟು, ಕಾಫಿ ಇದೆಯಾ ಅಂದಳು. ನಾನು ಅಳುತ್ತಾ ಒಲೆ ಹಚ್ಚಿದೆ. ಪೂರಾ ಸುಧಾರಿಸಿಕೊಳ್ಳಲು ಮಳೆಗಾಲ ಬರಬೇಕಾಯಿತು. ಅವಳು ಮತ್ತೆ ರೋದೆಯಾಗಿ ಓಡಿದ್ದು ಮುಂದಿನ ವರ್ಷವೇ. ತಂಬೂರಿ ನುಡಿಸಿದ್ದನ್ನು ಅಪ್ಪ ತಾನಾಗಿಯೇ ಸ್ವಾಮಿಗಳ ಹತ್ತಿರ ಹೇಳಿಕೊಂಡ. ಅವರು ಏನಂದರು ಅಂತ ಅಪ್ಪ ಕೊನೆಯವರೆಗೂ ನಮಗೆ ಹೇಳಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಗೊತ್ತು.

ಈಗ ನಿಮ್ಮ ಕಾಲ. ಶ್ರೀರಂಗಪಟ್ಟಣದ ಈ ಮನೆಯಲ್ಲಿ ಒಂದು ಗುಂಡಿ ಒತ್ತಿದರೆ ನೂರು ವಾದ್ಯ ನುಡಿಯುತ್ತವೆ. ಯೋನನ ಮೀನು ನಿಮಗೆ ಫೋನಿನಲ್ಲಿ ಬಣ್ಣ ಬಣ್ಣವಾಗಿ ಕಾಣುತ್ತದೆ. ಕಥೆಗೆ ಹೂಂ ಅನ್ನಲು ಪಕ್ಕದಲ್ಲಿ ಯಾರೂ ಇರಬೇಕಾಗಿಲ್ಲ. ಪಕ್ಕದ ಮನೆಯವರು ಒಳ್ಳೆಯವರೇ, ಆದರೆ ಬೆಲ್ ಒತ್ತದೆ ಬರುವುದಿಲ್ಲ. ನಿಮ್ಮ ಕೀಬೋರ್ಡಿನ ಸದ್ದು ಕೇಳಿ ಯಾರೂ ಬಿದಿರು ಕಡಿದುಕೊಂಡು ಬರಲಾರರು. ಅದು ಒಳ್ಳೆಯದೋ ಕೆಟ್ಟದ್ದೋ, ಹೇಳಲು ನನಗೆ ಬರುವುದಿಲ್ಲ.

ಇದನ್ನೆಲ್ಲ ನಾನು ಈಗ ಹೇಳಿದ್ದಕ್ಕೆ ಕಾರಣವಿದೆ. ಮೊನ್ನೆ ಅಕ್ಕನ ಮಣ್ಣಿನ ದಿನ ನಾವೆಲ್ಲ ಅವಳ ಗಂಡನ ಊರು ನಾಗಮಂಗಲಕ್ಕೆ ಹೋಗಿದ್ದೆವಲ್ಲ. ಪೂಜೆಯ ನಡುವೆ, ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ, ಕೀಬೋರ್ಡಿನ ಹುಡುಗನ ಕೈ ಯಾವುದೋ ಗುಂಡಿಗೆ ತಗುಲಿ, ಮದುವೆ ಮನೆಯ ಕುಣಿತದ ಹಾಗೆ ಡಂಡಂ ಡಕ್ಕಡಕ್ಕ ಎಂದು ಬಡಿಯಲು ಶುರುವಾಯಿತು. ಅವನಿಗೆ ನಿಲ್ಲಿಸಲು ಬರಲಿಲ್ಲ. ನೀವಿಬ್ಬರೂ ನಕ್ಕಿರಿ. ನಿಮ್ಮ ಅಮ್ಮ ತೊಡೆ ಚಿವುಟಿದಳು. ಅವತ್ತಿನಿಂದ ನೀವು ಮನೆಯಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತೀರಿ. ನಿಮ್ಮಲ್ಲಿ ಚಿಕ್ಕವನು ನಿನ್ನೆ ತಟ್ಟೆ ಪಕ್ಕಕ್ಕೆ ಸರಿಸಿ, ನಾನು ನಕ್ಕಿದ್ದು ದೊಡ್ಡಜ್ಜಿಗೆ ಕೇಳಿಸಿತಾ ಅಂತ ನನ್ನನ್ನು ಕೇಳಿದ. ನಾನು ಆಗ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದೆ, ಅಷ್ಟೇ.

ಈಗ ಹೇಳುತ್ತೇನೆ. ಆ ಡಂಡಂ ಕೇಳಿದ ಕೂಡಲೇ ನಾನು ಪೆಟ್ಟಿಗೆಯ ಕಡೆಗೆ ನೋಡಿದೆ. ಒಳಗಿಂದ ಅಕ್ಕ ಏನಾದರೂ ಅಂದಾಳು ಎಂದು ಇಷ್ಟು ವಯಸ್ಸಾದ ನಾನು, ನಿಜವಾಗಿ, ಕಾದೆ. ಅವಳು ಏನೂ ಅನ್ನಲಿಲ್ಲ. ಆಗ ಬೆಂಚಿನ ಕಡೆಯಿಂದ ನಿಮ್ಮಿಬ್ಬರ ನಗು ಕೇಳಿಸಿತು, ನನ್ನ ಎದೆಯ ಭಾರ ಇಳಿಯಿತು. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ ಮಗ. ನನಗೆ ಕೇಳಿಸಿತು. ಏಳಿ, ಅನ್ನ ಆರುತ್ತಿದೆ.